ಆಚೆ

ವಿಶ್ವವಿದ್ಯಾಲಯದಿಂದ ಪಟ್ಟಿ ಬಂದಿದೆ. ಹನ್ನೊಂದು ಹೆಸರು.
ಹನ್ನೊಂದು ಹಿತ್ತಾಳೆ ತಗಡು, ಅಂಗೈ ಅಗಲ,
ಕೂರಿಸಲು ಮರದ ಹಲಗೆ. ಶುಕ್ರವಾರದೊಳಗೆ ಬೇಕಂತೆ.
‘ನಾಯಕತ್ವಕ್ಕಾಗಿ, ಸಮುದಾಯ ಸೇವೆಗಾಗಿ’ —
ಈ ಸಾಲನ್ನು ಮೂವತ್ತೊಂದು ವರ್ಷದಿಂದ ಕೆತ್ತುತ್ತಿದ್ದೇನೆ,
ಕೈಗೆ ಬಾಯಿಪಾಠ.
ಕಣ್ಣು ಬೇಕಾಗುವುದು ಹೆಸರಿಗೆ ಮಾತ್ರ.

ಏಳನೆಯದಕ್ಕೆ ಉಳಿ ನಿಂತಿತು.
ಯಸ್ನಾ ವೆನುಪಿಲ್.

ಬೆಂಕಿ ಬಿದ್ದ ಬೇಸಿಗೆ ನಮ್ಮ ಗುಡ್ಡಕ್ಕೆ ಬಂದವಳು.
ವಾಲ್ಪರೈಸೊದಲ್ಲಿ ಮನೆಗಳು ಒಂದರ ಹೆಗಲ ಮೇಲೊಂದು ಕೂತಿರುತ್ತವೆ,
ಹೊತ್ತಿಕೊಂಡರೂ ಹಾಗೆಯೇ, ಹೆಗಲಿಂದ ಹೆಗಲಿಗೆ.
ನನ್ನದು ಉಳಿಯಿತು. ಯಾಕೆ ಅಂತ ಗಾಳಿಯನ್ನು ಕೇಳಬೇಕು.
ಪಕ್ಕದ ಎದುವಿನಾ ಮುದುಕಿಯದು ಉಳಿಯಲಿಲ್ಲ.
ಲಾರಿ ಹತ್ತದ ಗುಡ್ಡ. ಇನ್ನೂರ ಹದಿನಾಲ್ಕು ಮೆಟ್ಟಿಲು.
ನೀರಿನ ಕ್ಯಾನು ಹೊತ್ತು ಸಾಲಾಗಿ ಹತ್ತಿದರು ಹುಡುಗರು —
ರಜೆಯ ದಿನ, ಊರಿಗೆ ಹೋಗಿ ಮಲಗಬಹುದಿತ್ತು.

ಇವಳೇನು ದೊಡ್ಡ ಮಾತುಗಾರ್ತಿಯಲ್ಲ. ಕೂಗುತ್ತಿದ್ದಳು, ಅಷ್ಟೇ.
ಒಬ್ಬ ಫೋಟೊ ತೆಗೆಯಲು ನಿಂತರೆ
‘ಕೈ ಖಾಲಿ ಇದ್ದರೆ ಸಲಿಕೆ ಹಿಡಿ’ ಎಂದು ಗದರಿದಳು.
ಎಡವಟ್ಟೂ ಮಾಡಿದಳು. ಎದುವಿನಾಗೆ ಕೊಟ್ಟ ಬೂಟು
ಎರಡೂ ಎಡಗಾಲಿನವು.
ಮುದುಕಿ ಏನೂ ಅನ್ನಲಿಲ್ಲ. ಹಾಕಿಕೊಂಡು
ಬೂದಿಯಲ್ಲಿ ನಡೆದಳು, ಒಂದು ಕಾಲು ಹೊರಟ ಕಡೆಗೇ
ಇನ್ನೊಂದೂ ಹೊರಟಂತೆ.
ಆ ವಾರ ಮೊದಲ ಸಲ ನಾವು ನಕ್ಕದ್ದು ಅದಕ್ಕೆ.
ನಾಲ್ಕನೇ ದಿನ ಯಸ್ನಾ ಬಂದಳು, ಒಂದೇ ಒಂದು ಬೂಟು ಹಿಡಿದು.
ಬಂದರಿನ ಗೋದಾಮಿನಲ್ಲಿ, ದಾನದ ರಾಶಿಯಲ್ಲಿ
ಮೊಣಕಾಲೂರಿ ಹುಡುಕಿದ್ದಳಂತೆ.
ಅಳತೆ ಸರಿ, ಬಲಗಾಲಿನದೇ,
ಬಣ್ಣ ಮಾತ್ರ ಬೇರೆ.

ಇದನ್ನೆಲ್ಲ ತಗಡಿನ ಮೇಲೆ ಹೇಗೆ ಕೂರಿಸಲಿ?
ನಲವತ್ತು ಅಕ್ಷರಕ್ಕಷ್ಟೇ ಜಾಗ.

ಪಟ್ಟಿಯಲ್ಲಿ ಅವಳ ಮನೆತನದ ಮೊದಲಕ್ಷರ ಬಿಟ್ಟುಹೋಗಿತ್ತು.
ನಮ್ಮಲ್ಲಿ ಒಂದು ಅಕ್ಷರವಿದೆ, ಅದರ ಹೆಸರು ‘ಆಚೆ’.
ಬರೆಯುತ್ತೇವೆ, ಉಲಿಯುವುದಿಲ್ಲ.
ಒಳಗಿನವರು ಮಾತಾಡುವಷ್ಟು ಹೊತ್ತೂ
ಹೊಸ್ತಿಲಲ್ಲಿ ಬಾಯಿಮುಚ್ಚಿ ನಿಂತಿರುತ್ತದೆ.
ಬಿಟ್ಟರೂ ಕಿವಿಗೆ ತಿಳಿಯದು, ಗುಮಾಸ್ತನ ತಪ್ಪೇನಿಲ್ಲ.
ಆದರೆ ದಕ್ಷಿಣದಲ್ಲಿ ಅವಳ ಮಾಪುಚೆ ಅಜ್ಜ ಇದ್ದಾನಂತೆ,
ಅವನು ಬೆರಳಿಟ್ಟು ಓದುತ್ತಾನಂತೆ.
ಇರಲಿ ಎಂದು ಫೋನು ಮಾಡಿದೆ.

‘ಹೌದು, ಇದೆ’ ಅಂದಳು. ಸುಮ್ಮನಾದಳು.
ಆಮೇಲೆ: ‘ತಗಡಿಗೆ ಇನ್ನೂ ನಾಲ್ಕು ಹೆಸರು ಸೇರಿಸಬಹುದಾ?’
ಆಗದು ಅಂದೆ. ಒಬ್ಬರಿಗೆ ಒಂದು, ನಿಯಮ.
‘ಹಿಂದುಗಡೆ?’
ಹಿಂದುಗಡೆ ಅಂಟು ಬಳಿದು ಹಲಗೆಗೆ ಒತ್ತುತ್ತೇವಮ್ಮ,
ಯಾರಿಗೂ ಕಾಣುವುದಿಲ್ಲ.
‘ಪರವಾಗಿಲ್ಲ. ದುಡ್ಡೆಷ್ಟು?’

ಹಳೆಯ ರಸೀದಿಯ ಬೆನ್ನಿಗೆ ಬರೆದುಕೊಂಡೆ:
ನೀಬಾಲ್ದೊ, ರಾತ್ರಿಯೆಲ್ಲ ಗೋದಾಮಿನ ಬೀಗ ತೆಗೆದಿಟ್ಟವನು.
ಅಂತೆನೋರ್, ಟಿಕೆಟ್ ಕೇಳದ ಬಸ್ಸಿನವನು.
ಫ್ರೆಸಿಯಾ, ಮೆಟ್ಟಿಲು ಎಣಿಸಿ ಪಾಳಿ ಹಂಚಿದವಳು;
ಅವಳೇ ಇರಬೇಕಿತ್ತು ಈ ಪಟ್ಟಿಯಲ್ಲಿ,
ಶುಲ್ಕ ಕಟ್ಟಲಾಗದೆ ಓದು ಬಿಟ್ಟಳು.
ನಾಲ್ಕನೆಯದು, ಎದುವಿನಾ.

ಅವಳೇನು ಮಾಡಿದಳು, ಅಂದೆ.
‘ಎರಡು ಎಡ ಬೂಟಿನಲ್ಲಿ ನಿಂತು
ನಾಲ್ಕು ದಿನ ನಮಗೆಲ್ಲ ಅಡುಗೆ ಮಾಡಿದಳು.’

ಹೌದಲ್ಲ. ನಾನೂ ಉಂಡಿದ್ದೆ.

ಮುಂದೆ ಅವಳ ಹೆಸರು, ಮೊದಲಿಗೆ ಮೂಕ ಅಕ್ಷರ.
ತಗಡು ಮಗುಚಿ
ಆಚೆ ಬದಿಗೆ ನಾಲ್ಕು.
ದುಡ್ಡು ತೆಗೆದುಕೊಳ್ಳಲಿಲ್ಲ ಅಂದರೆ ಸುಳ್ಳು. ಅರ್ಧ ತೆಗೆದುಕೊಂಡೆ.
ಅಂಟು ಬಳಿಯುವಾಗ ಮಾತ್ರ ಕೈ ತಡೆಯಿತು,
ಮಾಮೂಲಿಗಿಂತ ತೆಳ್ಳಗೆ ಬಳಿದೆ.
ಹತ್ತಿಪ್ಪತ್ತು ವರ್ಷಕ್ಕೆ ಬಿಟ್ಟುಕೊಳ್ಳಲಿ,
ಯಾವುದೋ ಗೋಡೆಯಿಂದ, ಯಾರದೋ ಕಾಲ ಬಳಿ
ಬೀಳಲಿ, ಮಗುಚಿ.